ಯಾರ ಮೊಳ, ಯಾರ ಫರ್ಮಿ

ಅಕ್ಕನ ಮಗಳು ಈ ವರ್ಷ ಸೆಕೆಂಡ್ ಪಿಯುಸಿ. ಹೋದ ತಿಂಗಳು ಒಂದು ಭಾನುವಾರ ರಾತ್ರಿ ಹತ್ತೂವರೆಗೆ ವಾಟ್ಸ್ಯಾಪ್‌ನಲ್ಲಿ ಎರಡು ಫೋಟೋ ಕಳಿಸಿದಳು. ಬೇರೆ ಬೇರೆ ಪುಸ್ತಕದ ಒಂದೊಂದು ಪುಟ. ಎರಡರಲ್ಲೂ ನ್ಯೂಕ್ಲಿಯಸ್ಸಿನ ತ್ರಿಜ್ಯ ಕಂಡುಹಿಡಿಯುವ ಅದೇ ಹಳೇ ಸೂತ್ರ: ಪ್ರೋಟಾನು, ನ್ಯೂಟ್ರಾನು ಎಲ್ಲ ಕೂಡಿಸಿ ಎಷ್ಟಿವೆಯೋ ಆ ಸಂಖ್ಯೆಯ ಘನಮೂಲ ತೆಗಿ, ಒಂದು ಸ್ಥಿರಾಂಕದಿಂದ ಗುಣಿಸು. ಒಂದು ಪುಸ್ತಕದಲ್ಲಿ ಆ ಸ್ಥಿರಾಂಕ 1.2 ಫರ್ಮಿ. ಇನ್ನೊಂದರಲ್ಲಿ 1.1 ಫೆಮ್ಟೋಮೀಟರ್. ಕೆಳಗೆ ಅವಳ ಪ್ರಶ್ನೆ: "ಮಾಮ, ಯಾವುದು ಸರಿ? ಫರ್ಮಿ, ಫೆಮ್ಟೋ ಎರಡೂ ಒಂದೇ ತಾನೇ? ಹಾಗಿದ್ರೆ ಎರಡು ಹೆಸರು ಯಾಕೆ?"

ನಿದ್ದೆಗಣ್ಣಿನಲ್ಲಿದ್ದೆ. "ಎರಡೂ ಒಂದೇ ಪುಟ್ಟಿ, 10⁻¹⁵ ಮೀಟರ್. ಪ್ರಶ್ನೆಯಲ್ಲಿ ಯಾವ ನಂಬರ್ ಕೊಟ್ಟಿರ್ತಾರೋ ಅದನ್ನೇ ಹಾಕು" ಅಂತ ಬರೆದು ಫೋನ್ ಪಕ್ಕಕ್ಕಿಟ್ಟೆ. ಅವಳಿಂದ ಒಂದು ಹೆಬ್ಬೆರಳು ಬಂತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬರುತ್ತಿದ್ದ ನಿದ್ದೆ ಹೋಯಿತು. 1.1ಕ್ಕೂ 1.2ಕ್ಕೂ ನೂರಕ್ಕೆ ಒಂಬತ್ತರಷ್ಟು ವ್ಯತ್ಯಾಸ. ಅಕ್ಕಿ ತೂಕದಲ್ಲಿ ಅಷ್ಟು ಹೆಚ್ಚುಕಮ್ಮಿಯಾದರೆ ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲುತ್ತೇವೆ. ಇಲ್ಲಿ ಎರಡು ಪುಸ್ತಕ ಎರಡು ಮಾತು ಹೇಳುತ್ತಿವೆ, ಒಂದು ಕಾಲಕ್ಕೆ ಇದನ್ನೇ ಎಂ.ಎಸ್ಸಿ.ಯಲ್ಲಿ ಓದಿದ ನಾನು "ಕೊಟ್ಟಿದ್ದನ್ನು ಹಾಕು" ಅಂದು ಮಲಗಿದ್ದೇನೆ.

ಶಿವಮೊಗ್ಗದಲ್ಲೇ ವಾಪಸಾದ ಆಲ್ಫಾ

ನಮಗೆ ನ್ಯೂಕ್ಲಿಯರ್ ಫಿಸಿಕ್ಸ್ ಹೇಳಿಕೊಡುತ್ತಿದ್ದ ಮೇಷ್ಟ್ರಿಗೆ ಒಂದು ಅಭ್ಯಾಸವಿತ್ತು. ಕ್ಲಾಸಿಗೆ ಬಂದವರೇ ಬೋರ್ಡಿನ ಬಲಗಡೆ ಮೇಲಿನ ಮೂಲೆಯಲ್ಲಿ ಎರಡು ಸಂಖ್ಯೆ ಬರೆದು ಸುತ್ತ ಚೌಕ ಎಳೆಯುತ್ತಿದ್ದರು. 197 ಮತ್ತು 1.44. ಮದುವೆ ಪತ್ರಿಕೆಯ ತಲೆಯ ಮೇಲೆ 'ಶ್ರೀ' ಬರೆಯುವ ಹಾಗೆ. ಬೋರ್ಡ್ ತುಂಬಿ ಒರೆಸುವಾಗಲೂ ಆ ಮೂಲೆ ಮಾತ್ರ ಮುಟ್ಟುತ್ತಿರಲಿಲ್ಲ. ನಾವು ಹಿಂದಿನ ಬೆಂಚಿನವರು ಅದನ್ನು ಅವರ ಸ್ಕೂಟರ್ ನಂಬರ್ ಅಂತ ತಮಾಷೆ ಮಾಡುತ್ತಿದ್ದೆವು.

ಮೊದಲ ಟೆಸ್ಟಿನಲ್ಲಿ ಒಂದು ಲೆಕ್ಕ ಬಂತು. 5 ಮೆಗಾ ಎಲೆಕ್ಟ್ರಾನ್ ವೋಲ್ಟ್ (ಎಂಇವಿ) ಶಕ್ತಿಯ ಆಲ್ಫಾ ಕಣ ಚಿನ್ನದ ನ್ಯೂಕ್ಲಿಯಸ್ಸಿಗೆ ನೇರ ಎದುರಾಗಿ ಬರುತ್ತಿದೆ. ಎರಡಕ್ಕೂ ಧನ ಆವೇಶ, ಹಾಗಾಗಿ ತಳ್ಳಾಟ. ಎಷ್ಟು ಹತ್ತಿರ ಬಂದು ವಾಪಸ್ ತಿರುಗುತ್ತದೆ? ನಾನು ಶಿಸ್ತಾಗಿ ಎಲ್ಲವನ್ನೂ ಮೀಟರು, ಕೂಲಂಬು, ಜೌಲುಗಳಿಗೆ ಇಳಿಸಿದೆ. 9 ಗುಣಿಲೆ 10ರ 9ನೇ ಘಾತ, 1.6 ಗುಣಿಲೆ 10ರ ಮೈನಸ್ 19ನೇ ಘಾತ, ಹೀಗೆ ಅರ್ಧ ಪುಟ ಸೊನ್ನೆಗಳ ಜೊತೆ ಗುದ್ದಾಡಿದೆ. ಉತ್ತರ ಬಂತು. ಅಡಿಗೆರೆ ಎಳೆದೆ. ಖುಷಿಯಾಯಿತು.

ಪೇಪರ್ ಕೊಡುವ ದಿನ ಮೇಷ್ಟ್ರು ನನ್ನದನ್ನು ಕೈಯಲ್ಲೇ ಇಟ್ಟುಕೊಂಡರು. ಕನ್ನಡಕ ಹಣೆಗೇರಿಸಿ ಓದಿದರು. "2.84 ಗುಣಿಲೆ 10ರ 5ನೇ ಘಾತ ಮೀಟರ್. ಅಂದ್ರೆ 284 ಕಿಲೋಮೀಟರ್. ಏನಪ್ಪಾ, ಚಿನ್ನ ಬೆಂಗಳೂರಲ್ಲಿದ್ರೆ ನಿನ್ನ ಆಲ್ಫಾ ಶಿವಮೊಗ್ಗದ ಹತ್ರಾನೇ ಹೆದರಿ ವಾಪಸ್ ಹೊರಟೋಯ್ತಾ?" ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನು ಮಾಡಿದ್ದು ಒಂದೇ ತಪ್ಪು. ಆವೇಶವನ್ನು ವರ್ಗ ಮಾಡುವುದು ಮರೆತಿದ್ದೆ. ಅಷ್ಟಕ್ಕೇ ಪರಮಾಣುವಿನ ಒಳಗೆ ನಡೆಯಬೇಕಾದದ್ದು ಮಲೆನಾಡಿನ ಬಾಗಿಲಿಗೆ ಹೋಗಿತ್ತು. ಅದಕ್ಕಿಂತ ಬೇಜಾರಿನ ವಿಷಯ, 284 ಕಿಲೋಮೀಟರ್ ಎಂದು ಬರೆದು ಅಡಿಗೆರೆ ಎಳೆದಾಗಲೂ ನನಗೇನೂ ಅನ್ನಿಸಿರಲಿಲ್ಲ. 10ರ ತಲೆಯ ಮೇಲಿನ ಪುಟ್ಟ ಅಂಕಿ ಮೈನಸ್ಸೋ ಪ್ಲಸ್ಸೋ, ಹದಿನಾಲ್ಕೋ ಐದೋ, ಕಣ್ಣಿಗೆ ಎಲ್ಲ ಒಂದೇ.

ಮೇಷ್ಟ್ರು ಬೈಯಲಿಲ್ಲ. ಬೋರ್ಡಿನ ಮೂಲೆಯ 1.44 ತೋರಿಸಿದರು. "ಆವೇಶಗಳ ತಳ್ಳಾಟದ ಲೆಕ್ಕವೆಲ್ಲ ಇದರಲ್ಲಿ ಅಡಗಿದೆ. ಎಂಇವಿ ಮತ್ತು ಫರ್ಮಿಯಲ್ಲಿ ಕೆಲಸ ಮಾಡಿದರೆ ಇಷ್ಟೇ." 1.44 ಗುಣಿಲೆ ಆಲ್ಫಾದ ಆವೇಶ 2, ಗುಣಿಲೆ ಚಿನ್ನದ್ದು 79, ಭಾಗಿಸು ಶಕ್ತಿ 5. "ನಲವತ್ತೈದೂವರೆ ಫರ್ಮಿ. ಮುಗೀತು." ಒಂದೇ ಒಂದು ಘಾತ ಬರಲಿಲ್ಲ. ಕಿರಾಣಿ ಅಂಗಡಿಯ ಲೆಕ್ಕದಷ್ಟು ಸಲೀಸು. "ಈ ಊರಿನ ಅಳತೆ ಫರ್ಮಿ. ಇಲ್ಲಿಗೆ ಮೀಟರ್ ತಗೊಂಡು ಬರೋದು ಅಂದ್ರೆ ಹೂವಿನ ದಂಡೆಯನ್ನ ಗಾವುದದಲ್ಲಿ ಅಳೆದ ಹಾಗೆ."

ಆ 197ರ ಕಥೆ ಇನ್ನೂ ಚೆನ್ನಾಗಿದೆ. ಪ್ಲಾಂಕ್ ಸ್ಥಿರಾಂಕವನ್ನು ಎರಡು ಪೈಯಿಂದ ಭಾಗಿಸಿ, ಬೆಳಕಿನ ವೇಗದಿಂದ ಗುಣಿಸಿದರೆ ಬರುವ ಸಂಖ್ಯೆ ಅದು, ಎಂಇವಿ-ಫರ್ಮಿಗಳಲ್ಲಿ. ಅದನ್ನು ಶಕ್ತಿಯಿಂದ ಭಾಗಿಸಿದರೆ ಉದ್ದ ಸಿಗುತ್ತದೆ, ಉದ್ದದಿಂದ ಭಾಗಿಸಿದರೆ ಶಕ್ತಿ. ಊರಿನ ನೋಟು ವಿದೇಶದ ನೋಟಾಗುವ ವಿನಿಮಯ ದರ ಇದ್ದ ಹಾಗೆ. 1935ರಲ್ಲಿ ಜಪಾನಿನ ಹಿಡೆಕಿ ಯುಕಾವಾ ಮಾಡಿದ್ದು ಹೆಚ್ಚುಕಡಿಮೆ ಇದೇ ವಿನಿಮಯ. ನ್ಯೂಕ್ಲಿಯಸ್ಸನ್ನು ಕಟ್ಟಿಹಾಕುವ ಬಲ ಒಂದೆರಡು ಫರ್ಮಿ ದೂರಕ್ಕೆಲ್ಲ ಸತ್ತುಹೋಗುತ್ತದೆ. ಹಾಗಿದ್ದರೆ ಆ ಬಲವನ್ನು ಹೊತ್ತು ತಿರುಗುವ ಕಣಕ್ಕೆ ಎಲೆಕ್ಟ್ರಾನಿನ ಸುಮಾರು ಇನ್ನೂರು ಪಟ್ಟು ತೂಕ ಇರಬೇಕು ಎಂದರು. 1947ರಲ್ಲಿ ಬ್ರಿಸ್ಟಲ್‌ನಲ್ಲಿ ಸೆಸಿಲ್ ಪೊವೆಲ್ ತಂಡಕ್ಕೆ ಆ ಕಣ, ಪಯಾನ್, ಸಿಕ್ಕಿತು. ಅದರ ತೂಕ ಶಕ್ತಿಯ ಲೆಕ್ಕದಲ್ಲಿ ಸುಮಾರು 140 ಎಂಇವಿ. 197 ಭಾಗಿಸು 140, ಒಂದೂವರೆಗೂ ಸ್ವಲ್ಪ ಕಡಿಮೆ, 1.4 ಫರ್ಮಿ. ಬಲದ ಕೈ ಎಷ್ಟು ದೂರ ಚಾಚುತ್ತದೆ ಎಂದು ಅಳೆದು ಕಣದ ತೂಕ ಹೇಳಿದ್ದು! ಸ್ಕೂಟರ್ ನಂಬರ್ ಅಂದುಕೊಂಡಿದ್ದಕ್ಕೆ ಆಮೇಲೆ ನಾಚಿಕೆಯಾಯಿತು.

ಹದಿನೈದು ಮೀಟರ್

ಪುಟ್ಟಿಯ ಎರಡನೇ ಪ್ರಶ್ನೆ ಸುಲಭದ್ದು. ಎರಡು ಹೆಸರು ಯಾಕೆ?

ಮೊದಲು ಬಂದದ್ದು ಫರ್ಮಿ. ಅದಕ್ಕೂ ಮುಂಚೆ ಎಲ್ಲರೂ 10⁻¹³ ಸೆಂಟಿಮೀಟರ್ ಅಂತ ಉದ್ದಕ್ಕೆ ಬರೆಯುತ್ತಿದ್ದರು. ಇಟಲಿಯಲ್ಲಿ ಹುಟ್ಟಿದ ಭೌತವಿಜ್ಞಾನಿ ಎನ್ರಿಕೋ ಫರ್ಮಿ ತೀರಿಕೊಂಡದ್ದು 1954ರಲ್ಲಿ, ಬರೀ 53ನೇ ವಯಸ್ಸಿಗೆ. ಆಗ ಸ್ಟ್ಯಾನ್‌ಫರ್ಡ್‌ನಲ್ಲಿ ರಾಬರ್ಟ್ ಹಾಫ್‌ಸ್ಟಾಟರ್ ಎಲೆಕ್ಟ್ರಾನುಗಳನ್ನು ಜೋರಾಗಿ ಓಡಿಸಿ ನ್ಯೂಕ್ಲಿಯಸ್‌ಗಳಿಗೆ ಹೊಡೆಯುತ್ತಿದ್ದರು. ಎಲೆಕ್ಟ್ರಾನಿಗೆ 200 ಎಂಇವಿ ಕೊಟ್ಟರೆ, 197 ಭಾಗಿಸು 200, ಅದರ ಕಣ್ಣಿಗೆ ಒಂದು ಫರ್ಮಿಯಷ್ಟು ಸಣ್ಣದೂ ಕಾಣತೊಡಗುತ್ತದೆ. ದಿನಾ ಅದೇ ಅಳತೆಯಲ್ಲಿ ಮುಳುಗಿದ್ದವರಿಗೆ ಒಂದು ಹೆಸರು ಬೇಕೇ ಬೇಕಿತ್ತು. 1956ರ ತಮ್ಮ ದೊಡ್ಡ ಲೇಖನದಲ್ಲಿ ಹಾಫ್‌ಸ್ಟಾಟರ್ ಈ ಉದ್ದಕ್ಕೆ ಫರ್ಮಿ ಎಂದು ಹೆಸರಿಟ್ಟರು. 1961ರಲ್ಲಿ ಅದೇ ಕೆಲಸಕ್ಕೆ ನೊಬೆಲ್ ಬಂತು.

ಫೆಮ್ಟೋ ಬಂದದ್ದು 1964ರಲ್ಲಿ, ಅಂತರರಾಷ್ಟ್ರೀಯ ಅಳತೆ ಸಮ್ಮೇಳನದ ನಿರ್ಣಯದಿಂದ. ಡ್ಯಾನಿಶ್ ಭಾಷೆಯಲ್ಲಿ ಫೆಮ್ಟೆನ್ ಅಂದರೆ ಹದಿನೈದು, 10⁻¹⁵ರ ಆ ಹದಿನೈದು. ಅಷ್ಟೇ. ಜೊತೆಗೇ ಬಂದ ಆಟೋ ಕೂಡ ಹಾಗೇ, ಆಟೆನ್ ಅಂದರೆ ಹದಿನೆಂಟು, 10⁻¹⁸ಕ್ಕೆ. ಗ್ರೀಕು ಲ್ಯಾಟಿನ್ನಿನ ಗಾಂಭೀರ್ಯ ಏನೂ ಇಲ್ಲ. ಆ ದಿನ ಕನ್ನಡದವರು ಯಾರಾದರೂ ಕೂತು ಹೆಸರಿಟ್ಟಿದ್ದರೆ ಇವತ್ತು ಪ್ರಪಂಚವೆಲ್ಲ 'ಹದಿನೈದು ಮೀಟರ್' ಎನ್ನುತ್ತಾ ತಲೆ ಕೆಡಿಸಿಕೊಳ್ಳುತ್ತಿತ್ತೇನೋ. ಮಜಾ ಏನೆಂದರೆ ಫರ್ಮಿಯ ಗುರುತೂ ಎಫ್‌ಎಂ, ಫೆಮ್ಟೋಮೀಟರಿನ ಗುರುತೂ ಎಫ್‌ಎಂ. ಅಧಿಕೃತ ಪಟ್ಟಿಯಲ್ಲಿ ಫರ್ಮಿ ಇಲ್ಲ. ಆದರೂ ಎಫ್‌ಎಂ ಅಂತ ಬರೆದು ಫರ್ಮಿ ಅಂತಲೇ ಓದುತ್ತಾರೆ. ಮನೆಯಲ್ಲಿ ಒಂದು ಹೆಸರು, ಆಧಾರ್ ಕಾರ್ಡಿನಲ್ಲಿ ಒಂದು.

ಗಾಂಧಿ ಬಜಾರಿನ ಮೊಳ

ಮೊದಲ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ನನಗೆ ನೆನಪಾಗುವುದು ಅಮ್ಮ. ಚಿಕ್ಕವನಿದ್ದಾಗ ಹಬ್ಬದ ಹಿಂದಿನ ಸಂಜೆ ಅವಳ ಜೊತೆ ಗಾಂಧಿ ಬಜಾರಿಗೆ ಹೋಗುತ್ತಿದ್ದೆ. ಬಿದಿರು ಬುಟ್ಟಿ, ಅದರ ಮೇಲೆ ಒದ್ದೆ ಗೋಣಿ, ಗೋಣಿಯ ಮೇಲೆ ಸುರುಳಿ ಸುತ್ತಿದ ಮಲ್ಲಿಗೆ, ಕನಕಾಂಬರ. ಹೂವಮ್ಮ ಎಡಗೈಯ ಮೊಣಕೈಗೆ ದಂಡೆಯ ತುದಿ ಒತ್ತಿ, ನಡುಬೆರಳಿನವರೆಗೆ ಎಳೆದು, ಒಂದು ಮೊಳ, ಎರಡು ಮೊಳ ಅಂತ ಅಳೆಯುತ್ತಿದ್ದಳು. ಬೆರಳ ತುದಿ ಬರುವ ಹೊತ್ತಿಗೆ ಬೆರಳು ಸ್ವಲ್ಪ ಮಡಚಿಕೊಳ್ಳುತ್ತಿತ್ತು. ಅಮ್ಮನ ಕಣ್ಣು ಆ ಬೆರಳ ಮೇಲೇ. "ಏನಮ್ಮಾ, ನಿನ್ನ ಮೊಳ ಹಬ್ಬ ಬಂದಾಗ ಚಿಕ್ಕದಾಗತ್ತಲ್ಲ! ಕೊಡಿಲ್ಲಿ, ನನ್ನ ಕೈಯಲ್ಲಿ ಅಳೀತೀನಿ." ಅಮ್ಮ ಎತ್ತರದ ಹೆಂಗಸು. ಹೂವಮ್ಮ ದಂಡೆಯನ್ನು ಎದೆಗೆ ಹಿಡಿದುಕೊಂಡು, "ನಿಮ್ಮ ಕೈಯಲ್ಲಿ ಅಳೆದ್ರೆ ನಾನು ಬುಟ್ಟೀನೂ ಕೊಟ್ಟು ಹೋಗ್ಬೇಕಾಗ್ತದೆ ಬಿಡ್ರಕ್ಕಾ" ಅನ್ನುತ್ತಿದ್ದಳು. ಕೊನೆಗೆ ಹೂವಮ್ಮನ ಮೊಳವೇ ಖಾಯಂ, ಮೇಲೆ ನಾಲ್ಕು ಬೆರಳು ಕೊಸರು.

ಆ ಜಗಳದಲ್ಲಿ ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಎಲ್ಲಿಂದ ಎಲ್ಲಿಗೆ ಮೊಳ, ಯಾರ ಕೈಯ ಮೊಳ ಎಂಬುದಷ್ಟೇ ತಕರಾರು.

ಚಿನ್ನದ ನ್ಯೂಕ್ಲಿಯಸ್ಸನ್ನೇ ತೆಗೆದುಕೊಳ್ಳೋಣ. 197 ಕಣಗಳು (ಬೋರ್ಡಿನ ಮೂಲೆಯ 197ಕ್ಕೂ ಇದಕ್ಕೂ ಸಂಬಂಧವಿಲ್ಲ, ಸುಮ್ನೆ ಕಾಕತಾಳೀಯ). ಘನಮೂಲ 5.82. 1.1ರಿಂದ ಗುಣಿಸಿದರೆ 6.4 ಫರ್ಮಿ, 1.2ರಿಂದ ಗುಣಿಸಿದರೆ 7. ಮಧ್ಯದ ಈ ಅರ್ಧಕ್ಕೂ ಜಾಸ್ತಿ ಫರ್ಮಿ ಎಲ್ಲಿಂದ ಬಂತು? ಹಾಫ್‌ಸ್ಟಾಟರ್ ಕಂಡದ್ದು ಇದನ್ನೇ: ನ್ಯೂಕ್ಲಿಯಸ್ಸಿಗೆ ಗೋಲಿಯ ಹಾಗೆ ಖಚಿತ ಅಂಚಿಲ್ಲ. ಒಳಗೆಲ್ಲ ಒಂದೇ ಸಮ ದಟ್ಟ, ಹೊರಗೆ ಬರುತ್ತಾ ತೆಳುವಾಗುತ್ತಾ ಹೋಗಿ ಮಾಯ. ನೀರುದೋಸೆಯ ಅಂಚಿನ ಹಾಗೆ ಅಂದುಕೊಳ್ಳಿ. ಆ ತೆಳುವಾಗುವ ಪದರವೇ ಎರಡು ಫರ್ಮಿಗೂ ಮಿಕ್ಕಿ ಇದೆ. ಒಟ್ಟು ತ್ರಿಜ್ಯದ ಮೂರರಲ್ಲೊಂದು ಪಾಲು ಬರೀ ಅಂಚು! ಇಂಥದ್ದಕ್ಕೆ ಟೇಪು ಎಲ್ಲಿಗೆ ಹಿಡಿಯುತ್ತೀರಿ? ದಟ್ಟಣೆ ಸರಿಯಾಗಿ ಅರ್ಧಕ್ಕೆ ಇಳಿಯುವ ಜಾಗಕ್ಕೆ ಹಿಡಿದರೆ 6.4 ಬರುತ್ತದೆ. ಅಂಚಿನ ಕಿರಿಕಿರಿಯೇ ಬೇಡ, ಇದೇ ಹಂಚಿಕೆಗೆ ಸಮನಾಗುವ ಒಂದು ಗಟ್ಟಿ ಲಾಡು ಕಟ್ಟೋಣ, ಅದರ ತ್ರಿಜ್ಯ ಹೇಳೋಣ ಅಂದರೆ 7 ಬರುತ್ತದೆ. ಎರಡೂ ಪುಸ್ತಕ ಸರಿ. ಒಂದು ಹೂವಮ್ಮನ ಮೊಳ, ಒಂದು ಅಮ್ಮನ ಮೊಳ. ಯಾವ ಮೊಳ ಎಂದು ಹೇಳದೆ ಸಂಖ್ಯೆ ಮಾತ್ರ ಅಚ್ಚು ಹಾಕಿದ್ದು ಪುಸ್ತಕಗಳ ತಪ್ಪು.

ಅಂದಹಾಗೆ, ಪರಮಾಣು ನ್ಯೂಕ್ಲಿಯಸ್ಸಿಗಿಂತ ಒಂದು ಲಕ್ಷ ಪಟ್ಟು ದೊಡ್ಡದು ಅಂತ ಎಲ್ಲ ಕ್ಲಾಸಿನಲ್ಲೂ ಹೇಳುತ್ತಾರಲ್ಲ, ಅದನ್ನೂ ಒಮ್ಮೆ ಕೂತು ಲೆಕ್ಕ ಹಾಕಿದೆ. ಚಿನ್ನಸ್ವಾಮಿ ಸ್ಟೇಡಿಯಂನ ಪಿಚ್ಚಿನಲ್ಲಿ, ಒಂದು ಸ್ಟಂಪಿನ ಬುಡದಲ್ಲಿ 2 ಮಿಲಿಮೀಟರ್ ದಪ್ಪದ ಸಾಸಿವೆ ಕಾಳು ಇಡಿ. ಅದು ಹೈಡ್ರೋಜನ್ನಿನ ಪ್ರೋಟಾನ್ ಆದರೆ ಎಲೆಕ್ಟ್ರಾನ್ ಇರುವುದು 63 ಮೀಟರ್ ದೂರದಲ್ಲಿ, ಹೆಚ್ಚುಕಡಿಮೆ ಬೌಂಡರಿ ಹಗ್ಗದ ಹತ್ತಿರ. (ಅಲ್ಲಿನ ಬೌಂಡರಿ ಚಿಕ್ಕದು ಅಂತ ಬೌಲರ್‌ಗಳು ಗೊಣಗುವುದು ಇದ್ದೇ ಇದೆ.) ಅದೇ ಸಾಸಿವೆ ಚಿನ್ನದ ನ್ಯೂಕ್ಲಿಯಸ್ ಆದರೆ? ಇಡೀ ಪರಮಾಣು 20 ಮೀಟರಿಗೇ ಮುಗಿಯಿತು, ಎದುರಿನ ಸ್ಟಂಪಿಗೇ. ಲಕ್ಷ ಪಟ್ಟು ಎಲ್ಲಿ ಬಂತು, ಬರೀ ಇಪ್ಪತ್ತು ಸಾವಿರ. ಭಾರದ ಪರಮಾಣುಗಳಲ್ಲಿ ನ್ಯೂಕ್ಲಿಯಸ್ ಉಬ್ಬುತ್ತದೆ, ಪರಮಾಣು ಅಷ್ಟಾಗಿ ಉಬ್ಬುವುದಿಲ್ಲ. ಯಾವ ಮೇಷ್ಟ್ರೂ ಇದನ್ನು ಹೇಳಿರಲಿಲ್ಲ.

ಅಮೆರಿಕದ ಕೊಟ್ಟಿಗೆ

ನ್ಯೂಕ್ಲಿಯಸ್ಸನ್ನು ನೋಡಲು ಕಣ್ಣಿಲ್ಲ. ಏನಾದರೂ ಎಸೆಯಬೇಕು, ಎಷ್ಟು ತಗುಲಿತು ಎಣಿಸಬೇಕು. ಕತ್ತಲಲ್ಲಿ ಮಾವಿನ ಮರಕ್ಕೆ ಕಲ್ಲು ಹೊಡೆದು ಕಾಯಿ ಎಷ್ಟು ದಪ್ಪ ಎಂದು ಅಂದಾಜು ಮಾಡಿದ ಹಾಗೆ. ಹೀಗೆ ಸಿಗುವುದು ಉದ್ದವಲ್ಲ, ಎದುರಿಗೆ ಕಾಣುವ ಅಗಲ, ಅಂದರೆ ಕ್ಷೇತ್ರಫಲ. ಅದಕ್ಕೆ ಕ್ರಾಸ್ ಸೆಕ್ಷನ್ ಎನ್ನುತ್ತಾರೆ. ಅದರ ಅಳತೆಯ ಹೆಸರು ಬಾರ್ನ್. 10 ಫರ್ಮಿಗೆ 10 ಫರ್ಮಿ ಚೌಕ. ನಮ್ಮಲ್ಲಿ 33 ಅಡಿಗೆ 33 ಅಡಿ ಚೌಕಕ್ಕೆ ಗುಂಟೆ ಅನ್ನುತ್ತೇವಲ್ಲ, ಹಾಗೆ ಇದು ನ್ಯೂಕ್ಲಿಯಸ್ ಊರಿನ ಗುಂಟೆ.

ಈ ಹೆಸರು ಹುಟ್ಟಿದ್ದು 1942ರ ಡಿಸೆಂಬರ್‌ನಲ್ಲಿ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ, ರಾತ್ರಿ ಊಟದ ಹೊತ್ತಿಗೆ. ಎಂ. ಜಿ. ಹಾಲೋವೇ ಮತ್ತು ಸಿ. ಪಿ. ಬೇಕರ್ ಅಣುಬಾಂಬ್ ಯೋಜನೆಯ ಅಳತೆಗಳಲ್ಲಿ ತೊಡಗಿದ್ದವರು. 10⁻²⁴ ಚದರ ಸೆಂಟಿಮೀಟರ್ ಅಂತ ದಿನಾ ಹೇಳಿ ಬಾಯಿ ನೋಯುತ್ತಿತ್ತು. ಯೋಜನೆಯ ವಿಜ್ಞಾನಿಗಳ ಹೆಸರನ್ನೇ ಒಂದೊಂದಾಗಿ ಇಟ್ಟು ನೋಡಿದರು. ಓಪನ್‌ಹೈಮರ್ ಎಂದಿಡೋಣವೇ? ಉದ್ದವಾಯಿತು. ಬೆಥೆ? ಗ್ರೀಕ್ ಅಕ್ಷರ ಬೀಟಾ ಜೊತೆ ಗೊಂದಲ. ಅಲ್ಲಿನ ಮುಖ್ಯಸ್ಥ ಜಾನ್ ಮ್ಯಾನ್ಲಿ ಹೆಸರು? ಮ್ಯಾನ್ಲಿ ಉದ್ದ. ಜಾನ್? ಆಡುಮಾತಿನಲ್ಲಿ ಜಾನ್ ಅಂದರೆ ಅವರಿಗೆ ಕಕ್ಕಸು. ಕೊನೆಗೆ ಹಳ್ಳಿ ಕಡೆಯಿಂದ ಬಂದ ನೆನಪಿನಲ್ಲಿ ಬಾರ್ನ್ ಅಂದರು. ಹುಲ್ಲು, ಕಾಳು, ದನ ಎಲ್ಲ ಒಂದೇ ಸೂರಿನಡಿ ಇಡುವ ದೊಡ್ಡ ಕಟ್ಟಡ ಅದು, ಸುಮಾರಾಗಿ ನಮ್ಮ ಕೊಟ್ಟಿಗೆ. ನ್ಯೂಕ್ಲಿಯಸ್ ಲೆಕ್ಕದಲ್ಲಿ ಅಷ್ಟು ಅಗಲ ಅಂದರೆ ಕೊಟ್ಟಿಗೆಯಷ್ಟು ದೊಡ್ಡದೇ ಸರಿ ಅಂತ. ಆಮೇಲೆ ಯಾರೋ ಬಾರ್ನಿನ ಹತ್ತು ಲಕ್ಷದ ಒಂದು ಪಾಲಿಗೆ ಔಟ್‌ಹೌಸ್ ಅಂತಲೂ ಹೆಸರಿಟ್ಟರು. ಔಟ್‌ಹೌಸ್ ಅಂದರೂ ಹಿತ್ತಲ ಕಕ್ಕಸೇ! ಜಾನ್‌ಗೆ ಮುಂಬಾಗಿಲು ಹಾಕಿದವರ ಮಂದಿ ಹಿತ್ತಲಿಂದ ಕರೆದುಕೊಂಡರು. ಈ ಹೆಸರುಗಳ ತಮಾಷೆ ಓದಿ ನಗುವಾಗಲೂ ಆ ಊಟದ ಮೇಜು ಯಾವ ಕೆಲಸದ ನಡುವಿನದು ಎಂಬುದು ಗಂಟಲಲ್ಲಿ ಸಣ್ಣ ಮುಳ್ಳಿನ ಹಾಗೆ ಉಳಿಯುತ್ತದೆ.

ಮೊಳದ ಜಗಳ ಇಲ್ಲಿ ತಾರಕಕ್ಕೆ ಹೋಗುತ್ತದೆ. ಯುರೇನಿಯಂ ನ್ಯೂಕ್ಲಿಯಸ್ಸಿನ ತ್ರಿಜ್ಯ ಸುಮಾರು 7.4 ಫರ್ಮಿ. ಅದರ ಮುಖದ ಅಗಲ ಲೆಕ್ಕ ಹಾಕಿದರೆ 1.7 ಬಾರ್ನ್. ಆದರೆ ನಿಧಾನವಾಗಿ ಬರುವ ನ್ಯೂಟ್ರಾನನ್ನು ಕೇಳಿದರೆ ಯುರೇನಿಯಂ-235 ತನ್ನನ್ನು ನುಂಗಿ ಸೀಳಿಕೊಳ್ಳುವ ಅಗಲ 585 ಬಾರ್ನ್ ಎನ್ನುತ್ತದೆ. ಕ್ಸೆನಾನ್-135ರದ್ದು ಇನ್ನೂ ಅತಿ. ಗಾತ್ರದ ಲೆಕ್ಕದಲ್ಲಿ ಒಂದು ಬಾರ್ನಿಗಿಂತ ಸ್ವಲ್ಪ ಜಾಸ್ತಿ, ನಿಧಾನದ ನ್ಯೂಟ್ರಾನಿನ ಪಾಲಿಗೆ ಸುಮಾರು 26 ಲಕ್ಷ ಬಾರ್ನ್. ನಿಧಾನವಾದಷ್ಟೂ ನ್ಯೂಟ್ರಾನಿನ ಅಲೆ ಅಗಲವಾಗಿ ಹರಡಿಕೊಳ್ಳುತ್ತದೆ, ಎಷ್ಟೋ ದೂರದಲ್ಲೇ ತಗುಲುತ್ತದೆ. ನಿಧಾನದ ನ್ಯೂಟ್ರಾನಿನ ಈ ಗುಟ್ಟು ಕಂಡುಹಿಡಿದವರೂ ಫರ್ಮಿಯೇ. 1934ರಲ್ಲಿ ರೋಮ್‌ನಲ್ಲಿ ಅದೇ ಪ್ರಯೋಗ ಅಮೃತಶಿಲೆಯ ಮೇಜಿನ ಮೇಲೆ ಒಂದು ಫಲಿತಾಂಶ, ಮರದ ಮೇಜಿನ ಮೇಲೆ ಇನ್ನೊಂದು ಫಲಿತಾಂಶ ಕೊಡುತ್ತಿತ್ತು. ಮರದಲ್ಲಿರುವ ಹೈಡ್ರೋಜನ್‌ಗೆ ಡಿಕ್ಕಿ ಹೊಡೆದು ಹೊಡೆದು ನ್ಯೂಟ್ರಾನುಗಳು ಸುಸ್ತಾಗುತ್ತಿದ್ದವು. ಒಂದು ಉದ್ದಕ್ಕೆ ಹೆಸರಾದ ಮನುಷ್ಯ, ಗಾತ್ರ ಎಂಬುದನ್ನೇ ಹೀಗೆ ಅಲ್ಲಾಡಿಸಿಬಿಟ್ಟಿದ್ದರು.

ನಮ್ಮ ಕಾರವಾರದ ಹತ್ತಿರದ ಕೈಗಾ ಅಣುಸ್ಥಾವರದಲ್ಲಿ ಈ ಬಾರ್ನುಗಳೇ ಲೈಟು ಉರಿಸುತ್ತವೆ. ಅಲ್ಲಿ ನ್ಯೂಟ್ರಾನನ್ನು ನಿಧಾನ ಮಾಡಲು ಭಾರಜಲವೇ ಯಾಕೆ, ಪಕ್ಕದಲ್ಲೇ ಕಾಳಿ ನದಿ ಹರಿಯುತ್ತಲ್ಲ ಅಂತ ಕೇಳಿದರೆ ಉತ್ತರ ಎರಡು ಸಂಖ್ಯೆಯಲ್ಲಿದೆ. ಮಾಮೂಲಿ ಹೈಡ್ರೋಜನ್ ನ್ಯೂಟ್ರಾನನ್ನು ನುಂಗುವ ಅಗಲ 0.33 ಬಾರ್ನ್. ಭಾರದ ಹೈಡ್ರೋಜನ್, ಅಂದರೆ ಡ್ಯುಟೀರಿಯಂನದ್ದು 0.0005. ಅಲ್ಲಿ ಬಳಸುವುದು ಸಾದಾ ಯುರೇನಿಯಂ, ಅದರಲ್ಲಿ ಸೀಳುವ 235 ನೂರಕ್ಕೆ 0.7 ಮಾತ್ರ. ನ್ಯೂಟ್ರಾನನ್ನು ನೀರೇ ನುಂಗಿಬಿಟ್ಟರೆ ಸರಪಳಿ ಕ್ರಿಯೆ ನಡೆಯುವುದು ಹೇಗೆ?

ಪ್ರೋಟಾನ್ ಕುಗ್ಗಿದ ವರ್ಷ

ಇಷ್ಟಾದರೂ ಪ್ರೋಟಾನಿನ ಬಗ್ಗೆಯಾದರೂ ಎಲ್ಲರ ಮೊಳ ಒಂದೇ ಇರಬೇಕು ಅಂದುಕೊಂಡಿದ್ದೆ. ಹಾಫ್‌ಸ್ಟಾಟರ್ ಗುಂಪು 1955ರಲ್ಲಿ ಅದರ ತ್ರಿಜ್ಯ ಮೊದಲ ಸಲ ಅಳೆದಾಗ 0.74 ಫರ್ಮಿ ಬಂದಿತ್ತು, ಹೆಚ್ಚುಕಮ್ಮಿ 0.24. ಅಷ್ಟು ಹೆಚ್ಚುಕಮ್ಮಿ ಅಂದರೆ ಹೂವಮ್ಮನೂ ನಗುತ್ತಾಳೆ, ಆದರೆ ಮೊದಲ ಸಲಕ್ಕೆ ದೊಡ್ಡದೇ. ಅರ್ಧ ಶತಮಾನ ತಿದ್ದಿ ತಿದ್ದಿ 0.877ಕ್ಕೆ ಬಂದು ನಿಂತಿತು. ಆಮೇಲೆ 2010ರಲ್ಲಿ ಸ್ವಿಟ್ಜರ್ಲೆಂಡಿನ ಪೌಲ್ ಶೆರರ್ ಸಂಸ್ಥೆಯಲ್ಲಿ ಹೈಡ್ರೋಜನ್ನಿನ ಎಲೆಕ್ಟ್ರಾನ್ ತೆಗೆದು ಆ ಜಾಗಕ್ಕೆ ಮ್ಯೂವಾನ್ ಕೂರಿಸಿದರು. ಅದು ಎಲೆಕ್ಟ್ರಾನಿಗಿಂತ 207 ಪಟ್ಟು ಭಾರ, ಹಾಗಾಗಿ ಪ್ರೋಟಾನಿಗೆ ಸುಮಾರು ಇನ್ನೂರು ಪಟ್ಟು ಹತ್ತಿರ ಸುತ್ತುತ್ತದೆ. ಮುಖಕ್ಕೆ ಮುಖ ಇಟ್ಟು ನೋಡಿದ ಹಾಗೆ. ಅದು ಹೇಳಿದ ಉತ್ತರ 0.842.

ವ್ಯತ್ಯಾಸ ನೂರಕ್ಕೆ ನಾಲ್ಕು. ಆದರೆ ಎರಡೂ ಕಡೆಯವರು ತಮ್ಮ ಹೆಚ್ಚುಕಮ್ಮಿ ಅದಕ್ಕಿಂತ ಎಷ್ಟೋ ಸಣ್ಣದು ಎನ್ನುತ್ತಿದ್ದರು. ಮ್ಯೂವಾನಿಗೂ ಎಲೆಕ್ಟ್ರಾನಿಗೂ ಪ್ರೋಟಾನ್ ನಿಜವಾಗಿಯೂ ಬೇರೆ ಬೇರೆ ಗಾತ್ರದಲ್ಲಿ ಕಾಣುತ್ತದಾ, ಹೊಸ ಭೌತಶಾಸ್ತ್ರ ಏನಾದರೂ ಅಡಗಿದೆಯಾ ಅಂತ ವರ್ಷಗಟ್ಟಲೆ ಚರ್ಚೆ. ನಾನು ಆಗ ಫಿಸಿಕ್ಸ್ ಬಿಟ್ಟು ಬೇರೆ ಕೆಲಸಕ್ಕೆ ಸೇರಿದ್ದೆ. ಆದರೂ ಬಸ್ಸಿನಲ್ಲಿ ಕೂತು ಆ ಸುದ್ದಿ ಓದುತ್ತಿದ್ದೆ, ಮಿಕ್ಕವರು ಕ್ರಿಕೆಟ್ ಸ್ಕೋರ್ ನೋಡುವ ಹಾಗೆ. ಒಳಗೊಳಗೇ ಮ್ಯೂವಾನ್ ಗೆಲ್ಲದಿರಲಿ, ಎಲೆಕ್ಟ್ರಾನೂ ಸೋಲದಿರಲಿ ಅಂತ ಆಸೆ. ಹಾಗಾದರೆ ತಾನೇ ಏನೋ ಹೊಸದು ಸಿಗುವುದು! 2019ರಲ್ಲಿ ಕೆನಡಾದಲ್ಲಿ ಮಾಮೂಲಿ ಹೈಡ್ರೋಜನ್ ಬಳಸಿ ಅಳೆದವರಿಗೆ 0.833, ಅಮೆರಿಕದ ಜೆಫರ್ಸನ್ ಲ್ಯಾಬಿನಲ್ಲಿ ಎಲೆಕ್ಟ್ರಾನ್ ಹೊಡೆದು ಅಳೆದವರಿಗೆ 0.831 ಬಂತು. ಸ್ಥಿರಾಂಕಗಳ ಅಧಿಕೃತ ಪಟ್ಟಿಯ ಸಂಖ್ಯೆ 0.841ಕ್ಕೆ ಇಳಿಯಿತು. ಹಳೆಯ 0.877 ಎಲ್ಲಿ ಜಾರಿತ್ತು ಎಂಬ ತಕರಾರು ಪೂರ್ತಿ ಮುಗಿಯದಿದ್ದರೂ ನನ್ನ ಆಸೆ ಮಾತ್ರ ಅಲ್ಲಿಗೆ ಮುಗಿಯಿತು.

ಮೊನ್ನೆ ಪುಟ್ಟಿಗೆ ಇದೆಲ್ಲ ಹೇಳಲೇಬೇಕು ಅನ್ನಿಸಿ ವಾಯ್ಸ್ ಮೆಸೇಜ್ ಕಳಿಸಿದೆ. ದೋಸೆಯ ಅಂಚು, ಅಜ್ಜಿಯ ಮೊಳ, 6.4 ಯಾಕೆ, 7 ಯಾಕೆ, ಎಲ್ಲ. ಹನ್ನೊಂದು ನಿಮಿಷ ಆಯಿತು. ಅರ್ಧ ಗಂಟೆ ಬಿಟ್ಟು ನೀಲಿ ಗೆರೆ ಬಂತು. ಇನ್ನೊಂದೈದು ನಿಮಿಷಕ್ಕೆ ಉತ್ತರ.

"ಅಜ್ಜಿ ಹೂವಿನವಳ ಹತ್ರ ಜಗಳ ಆಡ್ತಿದ್ರಾ? ಸೂಪರ್ ಮಾಮ. ನಾನು 1.2 ಹಾಕ್ತೀನಿ, ಲೆಕ್ಕ ಸುಲಭ."